ಕರ್ನಾಟಕದ ನವಶಿಲಾಯುಗ: ಮೊದಲ ಬೇಸಾಯ ಮತ್ತು ನೆಲೆವಾಸ

ಕರ್ನಾಟಕದ ನವಶಿಲಾಯುಗವೆಂದರೆ ದಖನ್ ಪ್ರಸ್ಥಭೂಮಿಯ ದಕ್ಷಿಣಾರ್ಧದಲ್ಲಿ ಸುಮಾರು ಕ್ರಿ.ಪೂ. 3000ರಿಂದ ಕ್ರಿ.ಪೂ. 1200ರವರೆಗೆ ದನ ಸಾಕಣೆ, ಕಿರುಧಾನ್ಯ ಮತ್ತು ಬೇಳೆಕಾಳುಗಳ ಬೇಸಾಯ, ಉಜ್ಜಿ ನಯಗೊಳಿಸಿದ ಕಲ್ಲು ಕೊಡಲಿ, ಕೈಯಲ್ಲಿ ಮಾಡಿದ ಮಡಕೆ ಹಾಗೂ ಸ್ಥಿರ ವಸತಿ ಇವೆಲ್ಲ ಕೂಡಿಕೊಂಡು ರೂಪುಗೊಂಡ ಪ್ರಾಗೈತಿಹಾಸಿಕ ಘಟ್ಟ. ವಿದ್ವತ್ ಗ್ರಂಥಗಳು ಇದನ್ನು ದಕ್ಷಿಣ ಭಾರತದ ನವಶಿಲಾಯುಗ ಎಂದೂ ಕರೆಯುತ್ತವೆ. ತೆಲಂಗಾಣದ ಮಹಬೂಬ್‌ನಗರ, ಆಂಧ್ರಪ್ರದೇಶದ ಕರ್ನೂಲು ಮತ್ತು ಅನಂತಪುರ, ತಮಿಳುನಾಡಿನ ವಾಯವ್ಯ ಅಂಚು ಇದರ ವ್ಯಾಪ್ತಿಯೊಳಗೆ ಬರುತ್ತವೆ. ಆದರೆ ನೆಲೆಗಳು ದಟ್ಟವಾಗಿರುವುದು ಕೃಷ್ಣಾ-ತುಂಗಭದ್ರಾ ನಡುವಣ ಸೀಮೆಯಲ್ಲಿ ಮತ್ತು ಅದರ ತೆಂಕಣ ಬಯಲುಸೀಮೆಯಲ್ಲಿ. ಜಗತ್ತಿನ ಇತರ ಹಲವು ಆದಿ ಕೃಷಿ ಪ್ರದೇಶಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣ ಒಂದಿದೆ: ಇಲ್ಲಿ ಮೊದಲು ಎದ್ದು ಕಾಣುವುದು ದನದ ದೊಡ್ಡಿ, ವರ್ಷವಿಡೀ ಜನ ನೆಲೆಸಿದ ಹಳ್ಳಿ ಬಂದದ್ದು ಆಮೇಲೆ.

ಪರಿಭಾಷೆ ಮತ್ತು ಕಾಲ

ಈ ಲೇಖನದಲ್ಲಿ ‘ನೆಲೆವಾಸ’ ಎಂಬುದನ್ನು ಒಂದೇ ಜಾಗದಲ್ಲಿ ಹಲವು ತಲೆಮಾರುಗಳ ಕಾಲ ಮನೆ, ಒಲೆ, ಕಣಜ ಮತ್ತು ಸಮಾಧಿಗಳ ಸಮೇತ ನಡೆದ ವಾಸ್ತವ್ಯಕ್ಕೆ ಬಳಸಿದೆ. ‘ಬೂದಿದಿಬ್ಬ’ ಎಂದರೆ ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದ ದಿಬ್ಬ. ‘ಕಿರುಧಾನ್ಯ’ ಎಂಬುದರಲ್ಲಿ ಕೊರಲೆ, ನವಣೆ, ಸಾಮೆ ಮೊದಲಾದ ಸಣ್ಣ ಕಾಳಿನ ಹುಲ್ಲು ಬೆಳೆಗಳು ಸೇರುತ್ತವೆ.

ಕಾಲವನ್ನು ಸಾಮಾನ್ಯವಾಗಿ ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಸುಮಾರು ಕ್ರಿ.ಪೂ. 3000ರಿಂದ 2200ರವರೆಗಿನದು, ದನ ಕಾಯುವವರ ತಾತ್ಕಾಲಿಕ ತಂಗುದಾಣಗಳು ಮತ್ತು ಆರಂಭದ ಬೂದಿದಿಬ್ಬಗಳು ಇದಕ್ಕೆ ಸೇರುತ್ತವೆ. ಕ್ರಿ.ಪೂ. 2200ರಿಂದ 1800ರವರೆಗಿನ ಎರಡನೆಯ ಘಟ್ಟದಲ್ಲಿ ಬೇಸಾಯದ ಕುರುಹುಗಳು ಖಚಿತವಾಗುತ್ತವೆ. ಕ್ರಿ.ಪೂ. 1800ರಿಂದ 1200ರವರೆಗಿನ ಮೂರನೆಯ ಘಟ್ಟ ಬೆಟ್ಟದ ಮೇಲಿನ ಹಳ್ಳಿಗಳು, ತಾಮ್ರದ ವಿರಳ ಬಳಕೆ ಮತ್ತು ಕುಶಲ ಕಸುಬುಗಳ ಕಾಲ. ಸಿಂಧೂ ಕಣಿವೆಯ ನಗರಗಳು ಕ್ರಿ.ಪೂ. 2600ರಿಂದ 1900ರವರೆಗೆ ಉಚ್ಛ್ರಾಯದಲ್ಲಿದ್ದವು. ಅಂದರೆ ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಚರಂಡಿಗಳು ಹರಿಯುತ್ತಿದ್ದಾಗ ಸುರಪುರದ ಸೀಮೆಯಲ್ಲಿ ದನಗಾಹಿಗಳು ಬೇಲಿ ಕಟ್ಟಿಕೊಂಡು ಬದುಕುತ್ತಿದ್ದರು.

ಜಾಗತಿಕ ಹಿನ್ನೆಲೆ

ಬೇಸಾಯ ಒಂದೇ ಊರಿನಲ್ಲಿ ಹುಟ್ಟಿ ಲೋಕಕ್ಕೆಲ್ಲ ಹಬ್ಬಿದ್ದಲ್ಲ. ಪಶ್ಚಿಮ ಏಷ್ಯಾದ ಅರ್ಧಚಂದ್ರಾಕಾರದ ಫಲವತ್ತಾದ ಪ್ರದೇಶದಲ್ಲಿ ಕ್ರಿ.ಪೂ. 9500ರ ನಂತರ ಗೋಧಿ, ಬಾರ್ಲಿ, ಮಸೂರಗಳ ಕೃಷಿ ಮೊದಲಾಯಿತು. ಚೀನಾದ ಹಳದಿ ನದಿಯ ಬಯಲಿನಲ್ಲಿ ನವಣೆ ಮತ್ತು ಬರಗು, ಯಾಂಗ್ಟ್ಸಿ ಕಣಿವೆಯಲ್ಲಿ ಭತ್ತ, ಮೆಕ್ಸಿಕೊದಲ್ಲಿ ಮೆಕ್ಕೆಜೋಳ, ನ್ಯೂಗಿನಿಯಲ್ಲಿ ಬಾಳೆ ಪ್ರತ್ಯೇಕವಾಗಿಯೇ ಒಗ್ಗಿಬಂದವು. ಭಾರತ ಉಪಖಂಡದಲ್ಲಿ ಬಲೂಚಿಸ್ತಾನದ ಮೆಹರ್‌ಗಢದ ಜನ ಸುಮಾರು ಕ್ರಿ.ಪೂ. 7000ರಿಂದ ಬಾರ್ಲಿ, ಗೋಧಿ ಬೆಳೆಯುತ್ತಿದ್ದರು. ಡುಬ್ಬವಿರುವ ನಮ್ಮ ನಾಡ ದನದ ತಳಿ ಪಳಗಿದ್ದೂ ಮುಖ್ಯವಾಗಿ ಆ ಪ್ರದೇಶದಲ್ಲೇ.

ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1936ರಲ್ಲಿ ಈ ಬದಲಾವಣೆಯನ್ನು ಕ್ರಾಂತಿಯೆಂದು ಬಣ್ಣಿಸಿದರು. ಕರ್ನಾಟಕದ ಸಾಕ್ಷ್ಯ ಆ ಚಿತ್ರಕ್ಕೆ ಹೊಂದುವುದಿಲ್ಲ. ಇಲ್ಲಿ ದನ, ಕಾಳು, ಮನೆ, ಮಡಕೆ ಒಂದೊಂದಾಗಿ, ಸಾವಿರ ವರ್ಷಗಳ ಅವಧಿಯಲ್ಲಿ, ಬೇರೆ ಬೇರೆ ದಿಕ್ಕುಗಳಿಂದ ಬಂದು ಸೇರಿಕೊಂಡವು.

ಅಧ್ಯಯನದ ಇತಿಹಾಸ

ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಲಿಖಿತವಾಗಿ ಮೊದಲು ವಿವರಿಸಿದವರಲ್ಲಿ ಕ್ಯಾಪ್ಟನ್ ಟಿ.ಜೆ. ನ್ಯೂಬೋಲ್ಡ್ ಮುಖ್ಯರು, ಅವರ ಬರಹ 1843ರಲ್ಲಿ ಬಂತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಿಂದ ಬಳ್ಳಾರಿಯ ಸುತ್ತಣ ಗುಡ್ಡಗಳಲ್ಲಿ ನಯಗೊಳಿಸಿದ ಕಲ್ಲು ಕೊಡಲಿಗಳನ್ನೂ ಅವುಗಳನ್ನು ಮಾಡಿದ ಜಾಗಗಳನ್ನೂ ಗುರುತಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು.

ಉತ್ಖನನದ ಯುಗ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಿಂದ ಶುರುವಾಯಿತು. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಜಾಗದಲ್ಲಿ ಪದರಕ್ರಮವನ್ನು ಸ್ಪಷ್ಟಪಡಿಸಿದರು: ತಳದಲ್ಲಿ ಕಲ್ಲು ಕೊಡಲಿಯ ಸಂಸ್ಕೃತಿ, ಅದರ ಮೇಲೆ ಬೃಹತ್ ಶಿಲಾ ಸಂಸ್ಕೃತಿ, ಮೇಲ್ಭಾಗದಲ್ಲಿ ಶಾತವಾಹನ ಕಾಲದ ಪದರ. ಪದರಗಳ ಕ್ರಮ ಇಂದಿಗೂ ನಿಂತಿದೆ, ಕಾಲನಿರ್ಣಯ ನಿಲ್ಲಲಿಲ್ಲ. ಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ್ದೆಂದು ವೀಲರ್ ಎಣಿಸಿದ್ದರು. ವಿಕಿರಣ ಇಂಗಾಲದ ಕಾಲಗಣನೆ ಬಂದ ಮೇಲೆ ಅದರ ಆರಂಭ ಎರಡು ಸಾವಿರ ವರ್ಷದಷ್ಟು ಹಿಂದಕ್ಕೆ ಹೋಯಿತು.

ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್, ಮಸ್ಕಿಯಲ್ಲಿ ಬಿ.ಕೆ. ಥಾಪರ್, ಪಿಕ್ಲಿಹಾಳ ಮತ್ತು ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್, ತೆಕ್ಕಲಕೋಟೆ ಮತ್ತು ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್, ತಿರುಮಕೂಡಲು ನರಸೀಪುರದಲ್ಲಿ ಎಂ. ಶೇಷಾದ್ರಿ, ತೇರದಾಳದಲ್ಲಿ ಅ. ಸುಂದರ ಕೆಲಸ ಮಾಡಿದರು. ಕೆ. ಪದ್ದಯ್ಯ 1960ರ ದಶಕದಲ್ಲಿ ಕೊಡೇಕಲ್ಲಿನಲ್ಲೂ 1989ರಿಂದ ಹಲವು ಹಂಗಾಮುಗಳಲ್ಲಿ ಬೂದಿಹಾಳದಲ್ಲೂ ನಡೆಸಿದ ಉತ್ಖನನಗಳು ದಿಬ್ಬಗಳ ಕುರಿತ ತಿಳಿವಳಿಕೆಯನ್ನೇ ಬದಲಿಸಿದವು. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ನಿಕೋಲ್ ಬೊಯ್ವಿನ್ ಸಂಗನಕಲ್ಲು-ಕುಪ್ಪಗಲ್ಲುಗಳಲ್ಲಿ ಕೈಗೊಂಡ ಸಂಯುಕ್ತ ಸಂಶೋಧನೆ ಸುಟ್ಟ ಕಾಳು, ಇದ್ದಿಲು, ಶಿಲಾಚಿತ್ರ, ಕೊಡಲಿ ಕಸುಬು ಎಲ್ಲವನ್ನೂ ಒಂದೇ ಭೂದೃಶ್ಯದಲ್ಲಿಟ್ಟು ನೋಡಿತು.

ಬೂದಿದಿಬ್ಬಗಳು

ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ಪತ್ತೆಯಾಗಿವೆ. ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳು ಮತ್ತು ಅವಕ್ಕೆ ತಗುಲಿದ ತೆಲುಗು ಸೀಮೆ ಇವುಗಳ ಕೇಂದ್ರ. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿಯ ದಿಬ್ಬ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ದಹಿಸಿದ ಜಾಗವೆಂದು ನಂಬುತ್ತ ಬಂದಿದ್ದಾರೆ.

ದಿಬ್ಬದೊಳಗೆ ಮೆತ್ತಗಿನ ಬೂದಿಯ ಪದರಗಳ ನಡುವೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟದ ಪದರಗಳಿರುತ್ತವೆ. ಈ ಕಿಟ್ಟವೇ ಬಹುಕಾಲದ ಗೊಂದಲಕ್ಕೆ ಕಾರಣವಾಯಿತು. ಜ್ವಾಲಾಮುಖಿಯ ಲಾವಾ, ಕಬ್ಬಿಣ ಕರಗಿಸಿದ ಕುಲುಮೆಯ ಕಸ, ಸಾಮೂಹಿಕ ಚಿತೆ ಎಂದೆಲ್ಲ ಊಹೆಗಳು ನಡೆದವು. ಇದು ಸಗಣಿಯ ಬೂದಿಯೆಂದು ಫೂಟ್ ಸರಿಯಾಗಿ ಗ್ರಹಿಸಿದ್ದರು, ಎಫ್.ಇ. ಜಾಯ್ನರ್ 1960ರಲ್ಲಿ ಪ್ರಯೋಗಾಲಯದ ಪರೀಕ್ಷೆಯಿಂದ ಅದನ್ನು ದೃಢಪಡಿಸಿದರು. ಹುಲ್ಲು ತಿನ್ನುವ ದನದ ಸಗಣಿಯಲ್ಲಿ ಸಿಲಿಕಾ ಹೆಚ್ಚು. ದೊಡ್ಡ ರಾಶಿಗೆ ಬೆಂಕಿ ಬಿದ್ದು ತಾಪ ಬಹಳವಾಗಿ ಏರಿದಾಗ ಆ ಸಿಲಿಕಾ ಕರಗಿ ಕಿಟ್ಟವಾಗುತ್ತದೆ.

ಆಲ್ಚಿನ್ 1957ರಲ್ಲಿ ಉಟ್ನೂರಿನ ದಿಬ್ಬವನ್ನು ಕತ್ತರಿಸಿ ನೋಡಿದಾಗ ಅದರೊಳಗೆ ಮರದ ಗೂಟಗಳ ಬೇಲಿಯ ಕುಳಿಗಳೂ ದನದ ಗೊರಸಿನ ಅಚ್ಚುಗಳೂ ಸಿಕ್ಕವು. ಬೇಲಿ ಸುಟ್ಟಿತ್ತು, ಮತ್ತೆ ಕಟ್ಟಿದ್ದರು, ಮತ್ತೆ ಸುಟ್ಟಿತ್ತು. ಇದರ ಆಧಾರದ ಮೇಲೆ ದಿಬ್ಬವೆಂದರೆ ದನದ ದೊಡ್ಡಿ, ನಿರ್ದಿಷ್ಟ ಋತುವಿನಲ್ಲಿ ವಿಧಿಪೂರ್ವಕವಾಗಿ ಸುಡುತ್ತಿದ್ದ ಜಾಗ ಎಂದು ಅವರು ವಾದಿಸಿದರು. ಈ ವ್ಯಾಖ್ಯಾನದಲ್ಲಿ ದಿಬ್ಬ ವಸತಿಯಿಂದ ದೂರದ ಕಾಡಿನ ತಂಗುದಾಣವಾಗಿತ್ತು.

ಬೂದಿಹಾಳ ಆ ಕಲ್ಪನೆಯನ್ನು ತಿದ್ದಿತು. ಪದ್ದಯ್ಯನವರಿಗೆ ಅಲ್ಲಿ ದಿಬ್ಬದ ಒತ್ತಿನಲ್ಲೇ ಮನೆಗಳ ತಳಪಾಯ, ಮಕ್ಕಳ ಸಮಾಧಿ, ಚರ್ಟ್ ಕಲ್ಲಿನ ಅಲಗುಗಳನ್ನು ಮಾಡಿದ ಕಾರ್ಯಾಗಾರ, ದನವನ್ನು ಕಡಿದು ಪಾಲು ಮಾಡಿದ ಒಂದು ಸಮತಟ್ಟಾದ ನೆಲ ಇವೆಲ್ಲ ಸಿಕ್ಕವು. ದೊಡ್ಡಿ ಮತ್ತು ಹಟ್ಟಿ ಒಂದಕ್ಕೊಂದು ಅಂಟಿಕೊಂಡಿದ್ದವು. ಜನ ದನದ ಜೊತೆಯಲ್ಲೇ ಬದುಕಿದ್ದರು. ಕಾಲ ಸುಮಾರು ಕ್ರಿ.ಪೂ. 2300ರಿಂದ 1700ರ ಆಸುಪಾಸು. ಇತ್ತೀಚಿನ ಕೆಲವು ವಿದ್ವಾಂಸರು ಇನ್ನೂ ಮುಂದೆ ಹೋಗಿ, ಪೀಳಿಗೆಯಿಂದ ಪೀಳಿಗೆಗೆ ಎತ್ತರವಾಗುತ್ತ ಹೋದ ದಿಬ್ಬವನ್ನು ಸಮುದಾಯವೇ ಬೇಕೆಂದು ನಿರ್ಮಿಸಿದ ಸ್ಮಾರಕವೆಂದು ನೋಡುತ್ತಾರೆ. ಗೊಬ್ಬರವಾಗಬಹುದಾಗಿದ್ದ ಸಗಣಿಯನ್ನು ಹೊಲಕ್ಕೆ ಹಾಕದೆ ರಾಶಿ ಹಾಕಿ ಸುಟ್ಟದ್ದು ಕೇವಲ ಸ್ವಚ್ಛತೆಗಾಗಿ ಎನ್ನುವುದು ಕಷ್ಟ. ದೊಡ್ಡಿಯ ಉಪಯೋಗ ಮತ್ತು ವಿಧಿ ಎರಡೂ ಅದರಲ್ಲಿದ್ದವೆಂದು ಒಪ್ಪುವುದೇ ಸಾಕ್ಷ್ಯಕ್ಕೆ ಹತ್ತಿರ.

ದನಕರು

ಉತ್ಖನನಗಳಲ್ಲಿ ದೊರೆತ ಮೂಳೆಗಳಲ್ಲಿ ಡುಬ್ಬದ ದನದ ಪಾಲು ದೊಡ್ಡದು. ಕುರಿ, ಆಡು, ಎಮ್ಮೆ, ನಾಯಿಗಳದ್ದು ಆನಂತರದ ಸ್ಥಾನ. ಜಿಂಕೆ, ಆಮೆ, ಮೀನಿನ ಮೂಳೆಗಳೂ ಇರುವುದರಿಂದ ಬೇಟೆ ನಿಂತಿರಲಿಲ್ಲ. ಕುರಿ ಮತ್ತು ಆಡಿನ ಕಾಡು ಪೂರ್ವಜರು ದಕ್ಷಿಣ ಭಾರತದಲ್ಲಿ ಎಂದೂ ಇರಲಿಲ್ಲ. ಅವು ವಾಯವ್ಯದಿಂದ ಬಂದವೆಂಬುದರಲ್ಲಿ ಸಂದೇಹವಿಲ್ಲ. ದನವೂ ಬಹುಪಾಲು ಆ ದಾರಿಯಿಂದಲೇ ಬಂತು, ದಕ್ಷಿಣದ ಕಾಡು ದನದ ರಕ್ತ ನಡುವೆ ಬೆರೆತಿರುವ ಸಾಧ್ಯತೆಯಿದೆ. ಹಳ್ಳೂರಿನ ಮೂಳೆಗಳಲ್ಲಿ ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರ ಕುದುರೆಯನ್ನು ಗುರುತಿಸಿದ್ದು ದೊಡ್ಡ ಚರ್ಚೆಗೆ ದಾರಿಯಾಯಿತು.

ಬೆಳೆಗಳು

ಮೊದಲ ರೈತರು ಏನು ಬೆಳೆದರೆಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಸುಟ್ಟ ಕಾಳುಗಳನ್ನು ಸಣ್ಣ ಜರಡಿಯಲ್ಲಿ ಹಿಡಿಯುವ ತೇಲಿಕೆ ವಿಧಾನ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಫುಲ್ಲರ್, ಕೋರಿಶೆಟ್ಟರ್ ಮತ್ತು ಸಂಗಡಿಗರು ಕರ್ನಾಟಕ-ಆಂಧ್ರಗಳ ಹತ್ತಾರು ನೆಲೆಗಳಿಂದ ಇಂಥ ಕಾಳುಗಳನ್ನು ಸಂಗ್ರಹಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು.

ಎಲ್ಲೆಡೆ ಮರುಕಳಿಸಿದ್ದು ನಾಲ್ಕು ಕಾಳು: ಕೊರಲೆ, ನವಣೆಯ ಕುಲದ್ದೇ ಆದ ಒರಟು ಕೂದಲ ತೆನೆಯ ಒಂದು ಹುಲ್ಲು, ಹುರುಳಿ, ಹೆಸರು. ನಾಲ್ಕೂ ಮುಂಗಾರಿನ ಬೆಳೆಗಳು. ಎಲ್ಲದರ ಕಾಡು ಬಂಧುಗಳು ದಕ್ಷಿಣ ಭಾರತದಲ್ಲೇ ಇವೆ. ಹುರುಳಿಯ ಕಾಡು ರೂಪ ಒಣ ಕುರುಚಲು ಪ್ರದೇಶದ್ದು, ಹೆಸರಿನದು ಪಶ್ಚಿಮ ಘಟ್ಟದ ಅಂಚಿನ ತೇವದ ಕಾಡುಗಳದ್ದು. ಹೀಗಾಗಿ ದಕ್ಷಿಣ ಭಾರತ ತನ್ನದೇ ಸಸ್ಯಗಳನ್ನು ಒಗ್ಗಿಸಿಕೊಂಡ ಸ್ವತಂತ್ರ ಕೃಷಿ ಕೇಂದ್ರವೆಂಬ ವಾದ ಬಲಗೊಂಡಿದೆ. ಹುರುಳಿಯ ಬಗೆಗೆ ಇನ್ನೂ ಸೂಕ್ಷ್ಮವಾದ ಸಾಕ್ಷ್ಯ ಸಿಕ್ಕಿದೆ. ಕಾಡು ಬೀಜದ ಸಿಪ್ಪೆ ದಪ್ಪ. ಅದು ನೀರು ಹೀರದೆ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು. ಬಿತ್ತಿದ ಕೂಡಲೆ ಮೊಳೆಯುವ ಕಾಳನ್ನೇ ಮನುಷ್ಯ ಮತ್ತೆ ಮತ್ತೆ ಕೊಯ್ದು ಬಿತ್ತಿದಾಗ ಸಿಪ್ಪೆ ತೆಳುವಾಗುತ್ತ ಹೋಗುತ್ತದೆ. ಪ್ರಬಲ ಕ್ಷಕಿರಣದಿಂದ ಪ್ರಾಚೀನ ಹುರುಳಿಯ ಸಿಪ್ಪೆಯನ್ನು ಅಳೆದ, 2017ರಲ್ಲಿ ಪ್ರಕಟವಾದ ಅಧ್ಯಯನ ಈ ತೆಳುವಾಗುವಿಕೆಯನ್ನು ದಾಖಲಿಸಿದೆ.

ಕ್ರಿ.ಪೂ. 1900ರ ಸುಮಾರಿಗೆ ಉತ್ತರದಿಂದ ಗೋಧಿ ಮತ್ತು ಬಾರ್ಲಿ ಬಂದವು. ಇವು ಚಳಿಗಾಲದ ಬೆಳೆಗಳು. ಇವಕ್ಕೆ ಎರೆಮಣ್ಣಿನಲ್ಲಿ ಉಳಿದ ತೇವವೋ ಕೈಯಿಂದ ಹಾಕಿದ ನೀರೋ ಬೇಕು. ಕೆಲವು ನೆಲೆಗಳಲ್ಲಿ ಮಾತ್ರ ಅವು ನೆಲೆನಿಂತವು, ಕಿರುಧಾನ್ಯದ ಜಾಗವನ್ನು ಎಲ್ಲೂ ಕಿತ್ತುಕೊಳ್ಳಲಿಲ್ಲ. ಯುರೋಪಿಗೆ ಬೇಸಾಯ ಹೋದದ್ದು ಗೋಧಿ, ಬಾರ್ಲಿ, ಕುರಿ, ದನಗಳ ಇಡೀ ಗಂಟಾಗಿ. ಕರ್ನಾಟಕದ ಜನ ಆ ಗಂಟಿನಿಂದ ಕುರಿ-ದನಗಳನ್ನು ಮೊದಲೇ ಎತ್ತಿಕೊಂಡರು, ಗೋಧಿಯನ್ನು ಸಾವಿರ ವರ್ಷ ತಡವಾಗಿ ಅಲ್ಪಸ್ವಲ್ಪ ತೆಗೆದುಕೊಂಡರು. ಮುಂಗಾರನ್ನೇ ನಂಬಿದ ನೆಲದಲ್ಲಿ ಇದು ವಿವೇಕದ ಆಯ್ಕೆಯಾಗಿತ್ತು.

ಕ್ರಿ.ಪೂ. ಎರಡನೆಯ ಸಹಸ್ರಮಾನದ ಮಧ್ಯಭಾಗದಲ್ಲಿ ಇನ್ನೊಂದು ಅಲೆ ಕಾಣುತ್ತದೆ. ಆಫ್ರಿಕಾ ಮೂಲದ ಸಜ್ಜೆ ಮತ್ತು ಅವರೆ ಅರಬ್ಬೀ ಸಮುದ್ರದ ಆಚೆಯಿಂದ ಬಂದು ಸೇರಿದವು; ಒಡಿಶಾ-ಬಸ್ತರ್ ಕಡೆಯ ತೊಗರಿ ಪೂರ್ವದಿಂದ ಬಂತು. ರಾಗಿಯ ಮೂಲವೂ ಆಫ್ರಿಕಾದ ಪೂರ್ವದ ಎತ್ತರದ ನಾಡು. ಹಳ್ಳೂರಿನಿಂದ ರಾಗಿ ವರದಿಯಾಗಿದೆಯಾದರೂ ನವಶಿಲಾಯುಗದ ನೆಲೆಗಳಿಂದ ಹಿಂದೆ ವರದಿಯಾದ ‘ರಾಗಿ’ಗಳಲ್ಲಿ ಹಲವನ್ನು ಮರುಪರಿಶೀಲನೆಯ ನಂತರ ಇತರ ಕಿರುಧಾನ್ಯಗಳೆಂದು ತಿದ್ದಲಾಗಿದೆ. ಹಳೆ ಮೈಸೂರಿನ ಮುಖ್ಯ ಆಹಾರವಾದ ರಾಗಿ ಮೊದಲ ರೈತರ ಬೆಳೆಯಾಗಿರಲಿಲ್ಲ ಎಂಬುದು ಇಂದಿನ ನಿಲುವು.

ಕಾಳುಗಳಷ್ಟೇ ಅಲ್ಲ, ಸಂಗನಕಲ್ಲಿನ ಇದ್ದಿಲಿನಲ್ಲಿ ಸುಮಾರು ಕ್ರಿ.ಪೂ. 1300ರ ಹೊತ್ತಿಗೆ ಶ್ರೀಗಂಧದ ಮರವನ್ನೂ ಗುರುತಿಸಲಾಗಿದೆ.

ಹಳ್ಳಿ ಮತ್ತು ಮನೆ

ನೆಲೆಗಳು ಬಹುಮಟ್ಟಿಗೆ ಗ್ರಾನೈಟ್ ಗುಡ್ಡಗಳ ನೆತ್ತಿ, ಇಳಿಜಾರು ಮತ್ತು ಬುಡದಲ್ಲಿವೆ. ಬಂಡೆಗಳ ನಡುವಿನ ಸಮತಟ್ಟು ಜಾಗಕ್ಕೆ ಕಲ್ಲಿನ ಕಟ್ಟೆ ಕಟ್ಟಿ ಅಂಗಳ ಹಿಗ್ಗಿಸಿದ್ದರು. ಬಂಡೆಯ ಮೇಲೆ ಬಿದ್ದ ಮಳೆನೀರು ದೊಣೆಗಳಲ್ಲಿ ನಿಲ್ಲುತ್ತಿತ್ತು, ಜಾರಿ ಹೋದದ್ದು ಗುಡ್ಡದ ಬುಡದ ಮಣ್ಣನ್ನು ತೇವವಾಗಿ ಇಡುತ್ತಿತ್ತು. ವರ್ಷಕ್ಕೆ 500-600 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಬೇಸಾಯಕ್ಕೆ ಅದೇ ಆಧಾರ.

ಮನೆಗಳು ದುಂಡಗಿನವು. ಗೂಟ ನೆಟ್ಟು, ಬಿದಿರು-ಕಡ್ಡಿಗಳ ತಡಿಕೆ ಕಟ್ಟಿ, ಮಣ್ಣು ಮೆತ್ತಿ, ಹುಲ್ಲು ಹೊದಿಸುತ್ತಿದ್ದರು. ಬ್ರಹ್ಮಗಿರಿ, ತೆಕ್ಕಲಕೋಟೆ, ಸಂಗನಕಲ್ಲು, ಹಳ್ಳೂರುಗಳಲ್ಲಿ ಗೂಟದ ಕುಳಿಗಳ ವೃತ್ತ, ನೆಲಗಟ್ಟು ಮತ್ತು ಒಲೆ ಸಿಕ್ಕಿವೆ. ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಮೊದಲು ಬೂದಿದಿಬ್ಬ, ಸುಮಾರು ಕ್ರಿ.ಪೂ. 1700ರಲ್ಲಿ ಅದು ನಿಂತು, ಅದರ ಮೇಲೆಯೇ ಹಳ್ಳಿ ಎದ್ದಿತು. ದನಗಾಹಿಗಳ ಜಾಗ ರೈತರ ಊರಾಗಿ ಬದಲಾದದ್ದನ್ನು ಒಂದೇ ಕಂದಕದ ಗೋಡೆಯಲ್ಲಿ ಓದಬಹುದಾದ ಅಪರೂಪದ ಜಾಗ ಇದು.

ಕಲ್ಲು ಕೊಡಲಿಯ ಕಸುಬು

ಕೊಡಲಿಗೆ ಆಯ್ದ ಕಲ್ಲು ಡಾಲರೈಟ್. ಗ್ರಾನೈಟ್ ಗುಡ್ಡಗಳನ್ನು ಸೀಳಿಕೊಂಡು ಕಪ್ಪು ಗೋಡೆಗಳಂತೆ ಹಾದುಹೋಗುವ ಈ ಶಿಲೆ ಗಟ್ಟಿ, ಸಮಕಣದ್ದು. ಮಾಡುವ ಕ್ರಮ ನಾಲ್ಕು ಹಂತದ್ದು. ಬಂಡೆಯಿಂದ ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಏಣುಗಳನ್ನು ಕುಟ್ಟಿ ತಗ್ಗಿಸುವುದು, ಬಂಡೆಯ ಮೇಲೆ ನೀರು ಮತ್ತು ಮರಳಿನೊಂದಿಗೆ ಉಜ್ಜುವುದು, ಕೊನೆಗೆ ಅಲಗಿಗೆ ನಯ ಕೊಡುವುದು. ಉಜ್ಜಿದ್ದರಿಂದ ಬಿದ್ದ ಉದ್ದನೆಯ ತೋಡುಗಳು ಬಂಡೆಗಳ ಮೇಲೆ ಇಂದಿಗೂ ಉಳಿದಿವೆ.

ಕುಪ್ಪಗಲ್ಲಿನ ಹಿರೇಗುಡ್ಡ ಈ ಕಸುಬಿನ ದೊಡ್ಡ ಕೇಂದ್ರ. ಸುಮಾರು ಕ್ರಿ.ಪೂ. 1400ರಿಂದ 1250ರ ನಡುವೆ ಅಲ್ಲಿ ಕೊಡಲಿ ತಯಾರಿಕೆ ಊರಿನ ಅಗತ್ಯವನ್ನು ಬಹಳ ಮೀರಿತ್ತು. ರಾಶಿರಾಶಿ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ, ಕುಟ್ಟುಗಲ್ಲುಗಳು ಕುಶಲಕರ್ಮಿಗಳ ನುರಿತ ಕೈಯನ್ನೂ ದೂರದೂರಿನ ವಿನಿಮಯವನ್ನೂ ಸೂಚಿಸುತ್ತವೆ. ಅದೇ ಗುಡ್ಡದ ಡಾಲರೈಟ್ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ನೂರಾರು ಕುಟ್ಟುಚಿತ್ರಗಳಿವೆ. ಬಡಿದರೆ ಗಂಟೆಯಂತೆ ನಾದ ಕೊಡುವ, ಬಡಿದು ಬಡಿದು ಕುಳಿಬಿದ್ದ ಬಂಡೆಗಳೂ ಅಲ್ಲಿವೆ. ಚರ್ಟ್ ಶಿಲೆಯ ಉದ್ದ ಅಲಗುಗಳು, ಮೂಳೆಯ ಮೊನೆಗಳು, ಅರೆಯುವ ಕಲ್ಲು ಮತ್ತು ಗುಂಡುಕಲ್ಲುಗಳು ಮನೆಬಳಕೆಯ ಉಳಿದ ಸಾಮಾನು.

ಮಡಕೆ, ಲೋಹ, ಆಭರಣ

ಮಡಕೆ ಬಹುಪಾಲು ಬೂದು ಬಣ್ಣದ್ದು, ಕೈಯಲ್ಲೋ ನಿಧಾನವಾಗಿ ತಿರುಗುವ ತಟ್ಟೆಯ ಮೇಲೋ ಮಾಡಿದ್ದು. ಕೆಲವನ್ನು ಉಜ್ಜಿ ಮಿನುಗಿಸಿ, ಸುಟ್ಟ ನಂತರ ಕಾವಿಯ ಗೆರೆ ಎಳೆಯುತ್ತಿದ್ದರು. ಕೊಕ್ಕಿನ ಪಾತ್ರೆ, ತೂತಿನ ಪಾತ್ರೆ, ಅಗಲ ಬಾಯಿಯ ಬಾನಿ ಇವು ಪರಿಚಿತ ಆಕಾರಗಳು. ನರಸೀಪುರದಲ್ಲಿ ಸಿಕ್ಕ ಸುಟ್ಟ ಮಣ್ಣಿನ ತಲೆಯಾನಿಕೆಗಳು ಗಮನಾರ್ಹ. ಕೊನೆಯ ಘಟ್ಟದಲ್ಲಿ ತಾಮ್ರದ ಸಣ್ಣ ವಸ್ತುಗಳು ಕಾಣಿಸಿಕೊಂಡವು. ತೆಕ್ಕಲಕೋಟೆಯಲ್ಲಿ ಚಿನ್ನದ ಆಭರಣವೂ ಸಿಕ್ಕಿದೆ.

ಸಮಾಧಿ

ಸತ್ತವರನ್ನು ಊರ ಹೊರಗೆ ಒಯ್ಯಲಿಲ್ಲ. ವಯಸ್ಕರನ್ನು ಮನೆಯ ನೆಲದಡಿಯಲ್ಲೋ ಪಕ್ಕದಲ್ಲೋ ಗುಂಡಿ ತೋಡಿ ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಜೊತೆಗೆ ಮಡಕೆ, ಕೆಲವೊಮ್ಮೆ ಕೊಡಲಿ ಇಡುತ್ತಿದ್ದರು. ಹಸುಗೂಸುಗಳನ್ನು ಮಡಕೆಯೊಳಗಿಟ್ಟು ಹೂತದ್ದು ಬ್ರಹ್ಮಗಿರಿಯಿಂದ ಹಿಡಿದು ಹಲವೆಡೆ ಸಿಕ್ಕಿದೆ. ಸತ್ತವರನ್ನು ಮನೆಯಲ್ಲೇ ಇಟ್ಟುಕೊಂಡ ಊರು ಬಿಟ್ಟುಹೋಗಲಾಗದ ಊರು. ನೆಲೆವಾಸದ ಅತ್ಯಂತ ಬಲವಾದ ಸಾಕ್ಷ್ಯ ಇಂಥ ಸಮಾಧಿಗಳಲ್ಲೇ ಇದೆ.

ಹರಡುವಿಕೆಯ ದಾರಿಗಳು

ಜನ ಬಂದು ನೆಲೆಸಿದರೋ, ಇಲ್ಲಿನ ಬೇಟೆಗಾರರೇ ಹೊಸ ಬದುಕನ್ನು ಕಲಿತರೋ ಎಂಬ ಪ್ರಶ್ನೆಗೆ ಎರಡು ಪಕ್ಷಗಳಿವೆ. ಪ್ರಾಣಿಗಳ ಮೂಲವನ್ನು ನೋಡಿದರೆ ವಾಯವ್ಯದ ಸಂಪರ್ಕ ಅನಿವಾರ್ಯ. ಕಾಳುಗಳನ್ನು ನೋಡಿದರೆ ಇಲ್ಲಿನ ಗಿಡಗಳನ್ನು ತಲೆಮಾರುಗಳಿಂದ ಬಲ್ಲವರೇ ಬೇಸಾಯಕ್ಕೆ ಇಳಿದರೆಂದು ಒಪ್ಪಬೇಕಾಗುತ್ತದೆ. ಕೊಡೇಕಲ್, ಉಟ್ನೂರು ಮೊದಲಾದ ಆರಂಭದ ನೆಲೆಗಳು ಕೃಷ್ಣೆಯ ಆಸುಪಾಸಿನಲ್ಲಿವೆ. ಅಲ್ಲಿಂದ ತುಂಗಭದ್ರೆಯ ಕಡೆಗೂ, ಕ್ರಿ.ಪೂ. 2000ರ ಹೊತ್ತಿಗೆ ಮಲೆನಾಡಿನ ಅಂಚಿನ ಹಳ್ಳೂರಿಗೂ, ಕಾವೇರಿ-ಕಪಿಲಾ ಸಂಗಮದ ನರಸೀಪುರಕ್ಕೂ, ಕೋಲಾರ ಜಿಲ್ಲೆಯ ಬನಹಳ್ಳಿಗೂ, ತಮಿಳುನಾಡಿನ ಪೈಯಂಪಳ್ಳಿಗೂ ಈ ಜೀವನಕ್ರಮ ತಲುಪಿತು. ತೆಂಕಣಕ್ಕೆ ಬಂದಂತೆ ಬೂದಿದಿಬ್ಬ ಮಾಯವಾಗುತ್ತದೆ. ಕೊಡಲಿ, ಬೂದು ಮಡಕೆ, ಹುರುಳಿ, ಹೆಸರು ಮುಂದುವರಿಯುತ್ತವೆ. ಬೆಳೆ ಮತ್ತು ಪ್ರಾಣಿಗಳನ್ನು ಸೂಚಿಸುವ ದ್ರಾವಿಡ ಮೂಲಪದಗಳನ್ನು ಈ ಹರಡುವಿಕೆಗೆ ಜೋಡಿಸುವ ಪ್ರಯತ್ನಗಳನ್ನು ಭಾಷಾವಿಜ್ಞಾನಿಗಳು ಮಾಡಿದ್ದಾರೆ. ಮಡಕೆ ಮಾತಾಡುವುದಿಲ್ಲವಾದ್ದರಿಂದ ಅದನ್ನು ಸಾಧ್ಯತೆಯಾಗಿಯಷ್ಟೇ ತೆಗೆದುಕೊಳ್ಳಬೇಕು.

ಬೆಂಗಳೂರಿನ ಪಶ್ಚಿಮ ಪಾರ್ಶ್ವ

ಈ ಜೀವನಕ್ರಮ ಹರಡಿದ ತೆಂಕಣ ಬಯಲಿನಲ್ಲೇ ಬೆಂಗಳೂರೂ ಇದೆ. ಅದರ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಬಡಾವಣೆಗಳು ನಿಂತಿರುವುದು ವೃಷಭಾವತಿಯ ಕಣಿವೆಯಲ್ಲಿ ಮತ್ತು ಅದರ ಏರುಗಳಲ್ಲಿ. ವೃಷಭಾವತಿ ಕೆಂಗೇರಿ, ಬಿಡದಿ ದಾಟಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು. ನರಸೀಪುರದ ನವಶಿಲಾಯುಗದ ಹಳ್ಳಿ ಇದ್ದದ್ದೂ ಇದೇ ಕಾವೇರಿ ಜಲಾನಯನದಲ್ಲಿ. ಬೆಂಗಳೂರಿನ ಈ ಪಾರ್ಶ್ವದ ತಳಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್; ಅದನ್ನು ಸೀಳಿದ ಡಾಲರೈಟ್ ಗೋಡೆಗಳು ಬೆಂಗಳೂರಿನಿಂದ ಹಾರೋಹಳ್ಳಿಯವರೆಗೂ ಇವೆ. ಕೊಡಲಿಯ ಕಲ್ಲು, ಬಂಡೆಯ ಬುಡದ ತೇವ, ಕುರುಚಲು ಕಾಡು ಮೂರೂ ಇದ್ದ ಭೂದೃಶ್ಯ ಇದು.

ಈ ಭಾಗದ ಪ್ರಾಗೈತಿಹಾಸವನ್ನು ಎರಡು ತುದಿಗಳಿಂದ ಗೊತ್ತುಮಾಡಬಹುದು. ರಾಜಾಜಿನಗರದ ಉತ್ತರಕ್ಕಿರುವ ಜಾಲಹಳ್ಳಿಯಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಶಿಲೋಪಕರಣಗಳನ್ನು ಕೆ.ಆರ್.ಯು. ಟಾಡ್ 1948ರಲ್ಲಿ ವರದಿ ಮಾಡಿದರು. ಅವು ಬೇಟೆ ಮತ್ತು ಸಂಗ್ರಹಣೆಯಿಂದ ಬದುಕಿದವರ ಉಪಕರಣಗಳು. ಇನ್ನೊಂದು ತುದಿಯಲ್ಲಿ ಮಾಗಡಿಯ ಕಡೆಯ ಸಾವನದುರ್ಗದ ಕಲ್ಲುವೃತ್ತದ ಸಮಾಧಿಗಳಿವೆ. ಬ್ರ್ಯಾನ್‌ಫಿಲ್ 1881ರಲ್ಲಿ ವಿವರಿಸಿದ ಇವು ಕಬ್ಬಿಣಯುಗದ ರೈತ ಸಮುದಾಯಗಳವು. ಬೇಟೆಗಾರನ ಚಕ್ಕೆಯಿಂದ ರೈತನ ಸಮಾಧಿಯವರೆಗಿನ ಪಲ್ಲಟ ಈ ಎರಡರ ನಡುವೆ ನಡೆಯಿತು. ದಕ್ಷಿಣ ಬಯಲಿನ ಹಳ್ಳಿಗಳು ಸಣ್ಣವು, ಅವುಗಳ ಮೇಲೆ ಎತ್ತರದ ದಿಬ್ಬಗಳಿಲ್ಲ. ಉಳುವಾಗ ಮೇಲೆ ಬರುವ ಕೊಡಲಿ ಮತ್ತು ಬೋಕಿಗಳೇ ಅವನ್ನು ಗುರುತಿಸುವ ದಾರಿ. ಹೊಲ ಮತ್ತು ಕೆರೆಯಂಗಳಗಳ ಮೇಲೆ ಬಡಾವಣೆ ಎದ್ದಲ್ಲಿ ಆ ದಾರಿ ಮುಚ್ಚುತ್ತದೆ. ಆದರೆ ಆ ಕಾಲದ ಬೆಳೆಗಳ ಜಾಡು ಉಳಿದಿದೆ: ಕೆಂಗೇರಿಯ ಆಚೆ, ಮಾಗಡಿ ರಸ್ತೆಯ ಇಕ್ಕೆಲದ ಹಳ್ಳಿಗಳಲ್ಲಿ ರಾಗಿಯ ಸಾಲಿನ ನಡುವೆ ಅವರೆ ಮತ್ತು ತೊಗರಿ, ಕೊನೆಯ ಮಳೆಗೆ ಹುರುಳಿ ಬಿತ್ತುವ ಪದ್ಧತಿ ಇದೆ. ಚಳಿಗಾಲದಲ್ಲಿ ನಗರಕ್ಕೆ ಬರುವ ಮಾಗಡಿಯ ಸೊಗಡವರೆ ಈ ಹೊಲಗಳದ್ದು.

ಕೊನೆಯ ಘಟ್ಟ

ಕ್ರಿ.ಪೂ. 1200ರ ಸುಮಾರಿಗೆ ಸಂಗನಕಲ್ಲಿನ ಬೆಟ್ಟದ ಹಳ್ಳಿಗಳು ಖಾಲಿಯಾದವು, ಹಿರೇಗುಡ್ಡದ ಕೊಡಲಿ ಕಸುಬು ನಿಂತಿತು. ಹಳ್ಳೂರಿನಲ್ಲಿ ಕ್ರಿ.ಪೂ. 1000ದ ಆಸುಪಾಸಿನ ಪದರದಲ್ಲಿ ಕಬ್ಬಿಣ ಕಾಣಿಸುತ್ತದೆ. ಕಪ್ಪು-ಕೆಂಪು ಮಡಕೆ ಮತ್ತು ಊರ ಹೊರಗಿನ ಕಲ್ಲಿನ ಸಮಾಧಿಗಳು ಬೃಹತ್ ಶಿಲಾ ಸಂಸ್ಕೃತಿಯನ್ನು ಸೂಚಿಸುತ್ತವೆ. ಬೆಳೆ ಬಹುಪಾಲು ಅದೇ ಉಳಿಯಿತು. ವಾಸ ಬೆಟ್ಟದಿಂದ ಕೆಳಗಿನ ಬಯಲಿಗೆ ಇಳಿಯಿತು.

ಇಂದಿನ ಸ್ಥಿತಿ

ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ ಈ ಕಾಲವನ್ನೇ ಕೇಂದ್ರವಾಗಿಟ್ಟುಕೊಂಡಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ನವಶಿಲಾಯುಗದ ವಸ್ತುಗಳಿವೆ. ನೆಲೆಗಳ ಸ್ಥಿತಿ ಮಾತ್ರ ಚಿಂತಾಜನಕ. ಬೂದಿದಿಬ್ಬಗಳ ಬೂದಿಯನ್ನು ಗೊಬ್ಬರಕ್ಕಾಗಿ ಅಗೆದು ಸಾಗಿಸಿದ್ದರಿಂದ ಹಲವು ದಿಬ್ಬಗಳು ಕರಗಿವೆ. ಗ್ರಾನೈಟ್ ಗಣಿಗಾರಿಕೆ ಕುಪ್ಪಗಲ್ಲಿನ ಕುಟ್ಟುಚಿತ್ರಗಳ ಬಂಡೆಗಳ ಹತ್ತಿರಕ್ಕೇ ಬಂದಿದೆ. ಒಡೆದ ಬಂಡೆಯನ್ನು ಮರಳಿ ಕಟ್ಟಲಾಗದು, ಆದ್ದರಿಂದ ಗಣಿ ಗುತ್ತಿಗೆಗೆ ಮುನ್ನ ಪುರಾತತ್ತ್ವ ಸಮೀಕ್ಷೆ ನಡೆಯುವುದು ಅತ್ಯಗತ್ಯ.

ಬೆಳೆಗಳ ಕಥೆ ಸ್ವಲ್ಪ ಭಿನ್ನ. ಹುರುಳಿ, ಹೆಸರು, ಅವರೆ ಎಂದೂ ಮರೆಯಾಗಲಿಲ್ಲ. ಮೊದಲ ರೈತರ ಮುಖ್ಯ ಧಾನ್ಯವಾಗಿದ್ದ ಕೊರಲೆ ತುಮಕೂರು-ಚಿತ್ರದುರ್ಗದ ಒಣ ಸೀಮೆಯ ಕೆಲವು ಹೊಲಗಳಿಗೆ ಸೀಮಿತವಾಗಿತ್ತು; ಹುಣಸೆ ಮರದ ನೆರಳಿನಲ್ಲೂ ಬೆಳೆಯುವ ಅದರ ಗುಣವನ್ನು ರೈತರು ಉಳಿಸಿಕೊಂಡು ಬಂದಿದ್ದರು. ತಡವಾಗಿ ಬಂದ ರಾಗಿಯ ಬೆಳವಣಿಗೆಯಲ್ಲಿ ಮಂಡ್ಯದ ವಿ.ಸಿ. ಫಾರಂನ ಸಿ.ಎಚ್. ಲಕ್ಷ್ಮಣಯ್ಯ ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳು ಇಳುವರಿಯನ್ನು ಹೆಚ್ಚಿಸಿದವು. ಸಣ್ಣ ಕಿರುಧಾನ್ಯಗಳ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಹುಕಾಲ ನಡೆಯಿತು. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ನಂತರ ಕೊರಲೆ ಅಕ್ಕಿ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತಿದೆ.